ಇಟಲಿಯ ರೈತರು ಬಚ್ಚಿಟ್ಟ ಸೈನಿಕ ಎರಿಕ್ ನ್ಯೂಬಿ, ಮತ್ತೆ ನಮ್ಮ ಮನೆಯ ಮಿಲಿಟರಿಯವರು

ಹನುಮಂತನಗರದವನು

ಎಲ್ಲರಿಗೂ ನಮಸ್ಕಾರ. ಹೋದ ತಿಂಗಳು ಚರ್ಚ್ ಸ್ಟ್ರೀಟ್‌ನ ಒಂದು ಹಳೇ ಪುಸ್ತಕದಂಗಡಿಯಲ್ಲಿ ಮಳೆ ನಿಲ್ಲಲಿ ಅಂತ ಕಾಯುತ್ತಾ ಒಂದು ಪುಸ್ತಕ ತೆಗೆದೆ. ಮಳೆ ನಿಂತಿತು. ನಾನು ಅಂಗಡಿ ಬಾಗಿಲು ಹಾಕುವವರೆಗೂ ಅಲ್ಲೇ ಇದ್ದೆ. ಬರೆದವನು ಎರಿಕ್ ನ್ಯೂಬಿ ಎಂಬ ಇಂಗ್ಲಿಷ್ ಪ್ರವಾಸಿ. ಅವತ್ತಿನಿಂದ ಆತನನ್ನೇ ಓದುತ್ತಿದ್ದೇನೆ. ಯಾರ ಹತ್ತಿರವಾದರೂ ಮಾತಾಡಬೇಕು ಅನ್ನಿಸಿ ಇಲ್ಲಿ ಬರೆಯುತ್ತಿದ್ದೇನೆ.

ಆತ ಹುಟ್ಟಿದ್ದು 1919ರಲ್ಲಿ, ಲಂಡನ್ನಿನಲ್ಲಿ. 18ನೇ ವಯಸ್ಸಿಗೆ ಜಾಹೀರಾತು ಕಂಪನಿಯ ಕೆಲಸ ಬಿಟ್ಟು ಮೊಶುಲು ಎಂಬ ದೊಡ್ಡ ಹಾಯಿಹಡಗು ಸೇರಿದ. ಆಸ್ಟ್ರೇಲಿಯಾಕ್ಕೆ ಹೋಗಿ ಗೋಧಿ ತುಂಬಿಕೊಂಡು ಬರುವ ಹಡಗು ಅದು. 1939ರಲ್ಲಿ ವಾಪಸ್ ಬಂದ. ಅದೇ ವರ್ಷ ಯುದ್ಧ ಶುರುವಾಯಿತು, ಮಿಲಿಟರಿಗೆ ಸೇರಿದ. 1942ರ ಆಗಸ್ಟ್‌ನಲ್ಲಿ ಸಬ್‌ಮರೀನ್‌ನಲ್ಲಿ ಸಿಸಿಲಿಯ ದಡಕ್ಕೆ ಹೋಗಿ, ಅಲ್ಲಿನ ಒಂದು ವಿಮಾನ ನಿಲ್ದಾಣದ ಮೇಲೆ ದಾಳಿ ಮಾಡುವ ಸಣ್ಣ ತಂಡದಲ್ಲಿದ್ದ. ದಾಳಿ ಕೆಟ್ಟಿತು. ಕತ್ತಲಲ್ಲಿ ಸಬ್‌ಮರೀನ್ ಸಿಗಲಿಲ್ಲ. ಸಮುದ್ರದಲ್ಲಿ ಒದ್ದಾಡುತ್ತಿದ್ದವರನ್ನು ದೋಣಿಗೆ ಎಳೆದುಕೊಂಡವರು ಸಿಸಿಲಿಯ ಮೀನುಗಾರರು. ಅಲ್ಲಿಂದ ಆತ ಯುದ್ಧಕೈದಿ.

ನನಗೆ ಬಹಳ ಹಿಡಿಸಿದ್ದು ಇದರ ಮುಂದಿನ ಭಾಗ. 1943ರ ಸೆಪ್ಟೆಂಬರ್‌ನಲ್ಲಿ ಇಟಲಿ ಶರಣಾಯಿತು. ಪಾರ್ಮಾ ಹತ್ತಿರದ ಫೊಂಟನೆಲ್ಲಾಟೊ ಎಂಬ ಊರಿನ ಶಿಬಿರದಿಂದ ಕೈದಿಗಳೆಲ್ಲ ಹೊರಬಂದರು. ನ್ಯೂಬಿಯ ಕಾಲಿನ ಹರಡು ಮುರಿದಿತ್ತು, ನಡೆಯುವ ಹಾಗಿರಲಿಲ್ಲ. ಊರಿನ ಆಸ್ಪತ್ರೆಯಲ್ಲಿ ಮಲಗಿದ್ದಾಗ ಪರಿಚಯವಾದವಳು ವಾಂಡಾ. ಸ್ಲೊವೇನಿಯಾ ಮೂಲದ ಹುಡುಗಿ, ಮೇಷ್ಟ್ರ ಮಗಳು. ಜರ್ಮನ್ನರು ಹುಡುಕಿಕೊಂಡು ಬಂದಾಗ ಅವಳ ಅಪ್ಪ ಮತ್ತು ಒಬ್ಬ ಡಾಕ್ಟರು ಸೇರಿ ಈತನನ್ನು ಕಾರಿನಲ್ಲಿ ಬೆಟ್ಟಕ್ಕೆ ಸಾಗಿಸಿದರು. ಅಪೆನೈನ್ ಬೆಟ್ಟಗಳ ಬಡ ರೈತರು ತಿಂಗಳುಗಟ್ಟಲೆ ಬಚ್ಚಿಟ್ಟರು. ಒಂದು ಮನೆಯಲ್ಲಿ ಈತನ ಕೆಲಸ ಹೊಲದಲ್ಲಿ ಕಲ್ಲು ಆಯುವುದು. ಬೆಳಗಿನಿಂದ ಸಂಜೆ ತನಕ ಕಲ್ಲು. ಸಿಕ್ಕಿಬಿದ್ದರೆ ಆ ಮನೆಯವರನ್ನು ಜರ್ಮನ್ನರು ಸುಮ್ಮನೆ ಬಿಡುತ್ತಿರಲಿಲ್ಲ. ಆದರೂ ಊಟ ಹಾಕಿದರು.

ಒಂದು ದಿನ ಹುಲ್ಲಿನ ಮೇಲೆ ನಿದ್ದೆ ಹೋಗಿ ಎದ್ದರೆ ಎದುರಿಗೆ ಜರ್ಮನ್ ಅಧಿಕಾರಿ. ಕೈಯಲ್ಲಿ ಚಿಟ್ಟೆ ಹಿಡಿಯುವ ಬಲೆ! ಯುದ್ಧಕ್ಕೆ ಮೊದಲು ಮೇಷ್ಟ್ರಾಗಿದ್ದವನು, ರಜೆಯ ದಿನ ಚಿಟ್ಟೆ ಹುಡುಕಿಕೊಂಡು ಬೆಟ್ಟ ಹತ್ತಿದ್ದ. ಇವನು ಯಾರು ಅಂತ ಅವನಿಗೆ ತಿಳಿಯಿತು. ಬಿಯರ್ ಹಂಚಿಕೊಂಡ, ಮಾತಾಡಿದ, ಹೊರಟುಹೋದ. ಈ ಪುಟವನ್ನು ನಾನು ಮೂರು ಸಲ ಓದಿದೆ.

ಕೊನೆಗೆ ಆತ ಮತ್ತೆ ಸಿಕ್ಕಿಬಿದ್ದ. ಯುದ್ಧ ಮುಗಿದ ಮೇಲೆ ಇಟಲಿಗೆ ಹೋಗಿ 1946ರಲ್ಲಿ ವಾಂಡಾಳನ್ನೇ ಮದುವೆಯಾದ. ಆಮೇಲೆ ಜೀವನವಿಡೀ ತಿರುಗಿದ, ಬರೆದ. 2006ರಲ್ಲಿ ತೀರಿಕೊಂಡ.

ನನ್ನ ಪ್ರಶ್ನೆ ಇದು. ಗುರುತಿಲ್ಲದವರ ಮನೆಯ ಅನ್ನ ತಿಂದು ಜೀವ ಉಳಿಸಿಕೊಂಡವನು ಪ್ರವಾಸ ಹೋದಾಗ ನಮ್ಮ ಹಾಗೆ ಹೋಗುವುದಿಲ್ಲ ಅಂತ ನನಗೆ ಅನ್ನಿಸುತ್ತದೆ. ಅವನು ಗುಡಿ ಗೋಪುರಕ್ಕಿಂತ ಮೊದಲು ಬಾಗಿಲು ತೆರೆದವರ ಮುಖ ನೋಡುತ್ತಾನೆ. ನಿಮಗೂ ಹಾಗೆ ಅನ್ನಿಸಿದೆಯಾ? ಬೆಂಗಳೂರು ಮಿಲಿಟರಿಯವರ ಊರು. ನಮ್ಮಲ್ಲಿ ಹೀಗೆ ಬರೆದವರು ಯಾಕೆ ಇಷ್ಟು ಕಡಿಮೆ?

ಪುಸ್ತಕದ ಹುಳು

ನ್ಯೂಬಿ ಹೆಸರು ಇಲ್ಲಿ ನೋಡಿ ತುಂಬಾ ಖುಷಿಯಾಯಿತು ಸಾರ್. ನೀವು ಬಿಟ್ಟ ಕಡೆಯಿಂದ ನಾನು ಸ್ವಲ್ಪ ಸೇರಿಸುತ್ತೇನೆ.

ಮದುವೆಯಾದ ಮೇಲೆ ಹತ್ತು ವರ್ಷ ಅವರು ಹೆಂಗಸರ ಉಡುಪಿನ ವ್ಯಾಪಾರದಲ್ಲಿದ್ದರು. 1956ರಲ್ಲಿ ಅದನ್ನು ಬಿಟ್ಟು, ರಿಯೊದಲ್ಲಿದ್ದ ಸ್ನೇಹಿತ ಹ್ಯೂ ಕಾರ್ಲೆಸ್‌ಗೆ ತಂತಿ ಕಳಿಸಿದರು. ಜೂನ್‌ನಲ್ಲಿ ಅಫ್ಘಾನಿಸ್ತಾನದ ನೂರಿಸ್ತಾನಕ್ಕೆ ಬರುತ್ತೀಯಾ ಅಂತ. ಇಬ್ಬರೂ ವೇಲ್ಸ್‌ನಲ್ಲಿ ನಾಲ್ಕು ದಿನ ಬಂಡೆ ಹತ್ತುವುದನ್ನು ಕಲಿತು ಹಿಂದೂಕುಶ್‌ನ ಮೀರ್ ಸಮೀರ್ ಶಿಖರಕ್ಕೆ ಹೊರಟರು! ತುದಿಗೆ ಕೆಲವೇ ನೂರು ಅಡಿ ಇದ್ದಾಗ ಸಾಧ್ಯವಾಗದೆ ಇಳಿದರು. ಆ ಸೋಲನ್ನು ಮುಚ್ಚಿಡದೆ ಬರೆದದ್ದೇ ಅವರಿಗೆ ಹೆಸರು ತಂದಿತು.

ವಾಪಸ್ ಬರುವ ದಾರಿಯಲ್ಲಿ ಪಂಜ್‌ಶೀರ್ ಕಣಿವೆಯಲ್ಲಿ ಅವರಿಗೆ ವಿಲ್‌ಫ್ರೆಡ್ ಥೆಸಿಗರ್ ಸಿಕ್ಕರು. ಅವರೂ ಯುದ್ಧ ಕಂಡವರೇ. 1941ರಲ್ಲಿ ಇಥಿಯೋಪಿಯಾದಲ್ಲಿ ಇಟಲಿಯವರ ವಿರುದ್ಧ ಕಾದಿದ್ದರು. ಆಮೇಲೆ ಅವರಿಗೆ ಸಿಕ್ಕ ಕೆಲಸ ಮಿಡತೆ ಹುಡುಕುವುದು. ಹೌದು, ಬೆಳೆ ತಿನ್ನುವ ಮಿಡತೆ. ಅರಬ್ ಮರುಭೂಮಿಯಲ್ಲಿ ಮಿಡತೆ ಎಲ್ಲಿ ಹುಟ್ಟುತ್ತದೆ ಅಂತ ನೋಡಿಕೊಂಡು ಬನ್ನಿ ಅಂತ ಕಳಿಸಿದರು. ಅದೇ ನೆಪದಲ್ಲಿ ರುಬ್ ಅಲ್ ಖಾಲಿ ಮರಳುಗಾಡನ್ನು ಬೆದೂಯಿನ್ ಹುಡುಗರ ಜೊತೆ ಒಂಟೆಯಲ್ಲಿ ಎರಡು ಸಲ ದಾಟಿದರು. ಆ ದೊಡ್ಡ ಮನುಷ್ಯ ಬರೀ ನೆಲದ ಮೇಲೆ ಮಲಗುವವರು. ಇವರಿಬ್ಬರು ಗಾಳಿ ಹಾಸಿಗೆ ಊದುವುದನ್ನು ನೋಡಿ ಚೆನ್ನಾಗಿ ಬೈದರಂತೆ.

ನಮಗೆ ಹತ್ತಿರದ್ದು ಅಂದರೆ ಗಂಗೆಯ ಪ್ರಯಾಣ. 1963ರ ಡಿಸೆಂಬರ್ 6, ಅವರ 44ನೇ ಹುಟ್ಟಿದ ದಿನ. ಅವತ್ತು ಹರಿದ್ವಾರದಿಂದ ದೋಣಿಯಲ್ಲಿ ಗಂಡ ಹೆಂಡತಿ ಹೊರಟರು. ಕಲ್ಕತ್ತಾ ತನಕ, 1,200 ಮೈಲಿ. ಡಿಸೆಂಬರ್‌ನಲ್ಲಿ ಗಂಗೆಯಲ್ಲಿ ನೀರೆಲ್ಲಿರುತ್ತದೆ? ಮೊದಲ ಆರು ದಿನದಲ್ಲೇ ದೋಣಿ 63 ಸಲ ನೆಲ ಹಿಡಿಯಿತು. ಪ್ರತಿ ಸಲವೂ ಇಳಿದು ಕಲ್ಲು ಸರಿಸಿ ತಳ್ಳಬೇಕು. ನೀವು ಹೊಲದ ಕಲ್ಲಿನ ವಿಷಯ ಬರೆದಾಗ ನನಗೆ ಅದೇ ನೆನಪಾಯಿತು. ಇಟಲಿಯಲ್ಲಿ ಕಲ್ಲು ಆಯ್ದ ಕೈ, ಇಪ್ಪತ್ತು ವರ್ಷದ ಮೇಲೆ ಗಂಗೆಯಲ್ಲಿ ಅದೇ ಕೆಲಸ ಮಾಡಿತು ಅಲ್ವಾ?

ಕೋಲಾರದ ಮೊಮ್ಮಗಳು

ಈ ಚರ್ಚೆ ಓದಿ ಕಣ್ಣು ತುಂಬಿತು. ನಮ್ಮ ತಾತ ಎರಡನೇ ಮಹಾಯುದ್ಧದಲ್ಲಿ ಇಟಲಿಯಲ್ಲಿದ್ದರು. ಮದ್ರಾಸ್ ಸ್ಯಾಪರ್ಸ್, ಅಂದರೆ ನಮ್ಮ ಹಲಸೂರು ಕೆರೆ ಪಕ್ಕದ ಎಂಇಜಿ, ಸೈನ್ಯದ ಎಂಜಿನಿಯರ್ ಪಡೆ. 1944ರಲ್ಲಿ ಕಸೀನೊ ಎಂಬ ಕಡೆ ಭಾರತದ 4ನೇ ಡಿವಿಷನ್ ಕಾದಿತ್ತು. ತಾತನ ಕಂಪನಿ ಅಲ್ಲಿ ದಾರಿ, ಸೇತುವೆ ಕೆಲಸ ಮಾಡುತ್ತಿತ್ತು. ಗುಂಡಿನ ವಿಷಯ ಅವರು ಒಂದು ದಿನವೂ ಹೇಳಲಿಲ್ಲ. ನಾವು ಕೇಳಿದರೆ ಎದ್ದು ಹೋಗಿಬಿಡುತ್ತಿದ್ದರು.

ಹೇಳುತ್ತಿದ್ದದ್ದು ಒಂದೇ ಕಥೆ. ಚಳಿಯಲ್ಲಿ ಒಂದು ಹಳ್ಳಿಯಲ್ಲಿ ತಂಗಿದ್ದಾಗ ಒಬ್ಬ ಮುದುಕಿ ಬೂದಿಯಲ್ಲಿ ಏನೋ ಕಾಯಿ ಸುಟ್ಟು, ಸಿಪ್ಪೆ ಬಿಡಿಸಿ, ಸೆರಗಿನ ಹಾಗೆ ಹೊದ್ದ ಬಟ್ಟೆಯಲ್ಲಿ ತಂದು ಕೊಟ್ಟಳಂತೆ. ಬಾಯಿಗೆ ಹಾಕಿದರೆ ಥೇಟ್ ನಮ್ಮ ಸುಟ್ಟ ಹಲಸಿನ ಬೀಜ! ತಾತ ಅಲ್ಲೇ ಕೂತು ಅತ್ತುಬಿಟ್ಟರಂತೆ. ಆ ಮುದುಕಿ ತಲೆ ಸವರಿದಳಂತೆ. ಆಮೇಲೆ ಪ್ರತಿ ವರ್ಷ ಹಲಸಿನ ಕಾಲ ಬಂದರೆ ಅಜ್ಜಿಗೆ ಹೇಳುವರು, "ಇಟಲಿ ಬೀಜ ಸುಡೇ." ನಮ್ಮ ಮನೆಯಲ್ಲಿ ಹಲಸಿನ ಬೀಜಕ್ಕೆ ಈಗಲೂ ಅದೇ ಹೆಸರು. ಅದು ಚೆಸ್ಟ್‌ನಟ್ ಅಂತ ನನಗೆ ತಿಳಿದದ್ದು ಕಾಲೇಜಿಗೆ ಹೋದ ಮೇಲೆ.

ಪುಸ್ತಕದ ಹುಳು

ಮೇಡಂ, ಒಂದು ವಿಷಯ ಹೇಳಲೇಬೇಕು. ನ್ಯೂಬಿ ದಂಪತಿ 1967ರಲ್ಲಿ ಇಟಲಿಯಲ್ಲೇ ಒಂದು ಹಳೇ ರೈತರ ಮನೆ ಕೊಂಡರು. ಆ ಮನೆಯ ಹೆಸರು 'ಇ ಕಸ್ತಾನ್ಯಿ'. ಅಂದರೆ ಚೆಸ್ಟ್‌ನಟ್ ಮರಗಳು. ಬೆಟ್ಟದ ಬಡವರಿಗೆ ಚಳಿಗಾಲಕ್ಕೆ ಅದರ ಹಿಟ್ಟೇ ಆಧಾರ. ನಿಮ್ಮ ತಾತನಿಗೆ ಆ ಮುದುಕಿ ಕೊಟ್ಟದ್ದು ಮನೆಯಲ್ಲಿ ಉಳಿದಿದ್ದ ಕೊನೆಯ ದಾಸ್ತಾನು ಇರಬಹುದು.

ಮಲ್ಲೇಶ್ವರಂ 8ನೇ ಕ್ರಾಸ್

ಎಲ್ಲ ಚೆನ್ನಾಗಿದೆ. ಆದರೆ ಒಂದು ಮಾತು ಹೇಳದೆ ಇದ್ದರೆ ತಪ್ಪಾಗುತ್ತದೆ. ನ್ಯೂಬಿ, ಥೆಸಿಗರ್ ಇಬ್ಬರೂ ಬ್ರಿಟಿಷ್ ಅಧಿಕಾರಿಗಳು. ಯುದ್ಧ ಮುಗಿದಾಗ ಅವರ ಕೈಯಲ್ಲಿ ಪಾಸ್‌ಪೋರ್ಟ್ ಇತ್ತು, ಪರಿಚಯದವರಿದ್ದರು, ಬರೆದರೆ ಅಚ್ಚು ಹಾಕುವವರಿದ್ದರು. ಈ ತಾಯಿಯ ತಾತನ ಕೈಯಲ್ಲಿ ಏನಿತ್ತು? ಒಂದು ಟ್ರಂಕು, ಊರಿಗೆ ಹೋಗಲು ರೈಲಿನ ವಾರಂಟು, ಅಂದರೆ ಟಿಕೆಟ್ಟಿನ ಬದಲು ಸೈನ್ಯ ಕೊಡುವ ಚೀಟಿ. ಆ ತಾತ ಕಂಡ ದೇಶಗಳೇನೂ ನ್ಯೂಬಿ ಕಂಡದ್ದಕ್ಕಿಂತ ಕಡಿಮೆ ಇರಲಿಕ್ಕಿಲ್ಲ. 4ನೇ ಡಿವಿಷನ್ ಅಂದರೆ ಈಜಿಪ್ಟ್, ಎರಿಟ್ರಿಯಾ, ಟ್ಯುನೀಷಿಯಾ, ಇಟಲಿ, ಗ್ರೀಸ್. ಇಷ್ಟು ತಿರುಗಿದವರನ್ನು ನಾವು ಒಂದು ದಿನವೂ ಪ್ರವಾಸಿ ಅಂತ ಕರೆಯಲಿಲ್ಲ.

ಮೊದಲ ಮಹಾಯುದ್ಧದಲ್ಲಿ ಫ್ರಾನ್ಸ್‌ಗೆ ಹೋದ ನಮ್ಮ ಸಿಪಾಯಿಗಳ ಕಥೆ ಇನ್ನೂ ಸಂಕಟದ್ದು. ಎಷ್ಟೋ ಜನಕ್ಕೆ ಬರೆಯಲು ಬರುತ್ತಿರಲಿಲ್ಲ, ಬೇರೆಯವರ ಕೈಯಲ್ಲಿ ಕಾಗದ ಬರೆಸುತ್ತಿದ್ದರು. ಆ ಕಾಗದಗಳನ್ನು ಸೆನ್ಸಾರ್‌ನವರು ಒಡೆದು ಓದಿ, ಬೇಕಾದ ಸಾಲುಗಳನ್ನು ಇಂಗ್ಲಿಷಿಗೆ ಮಾಡಿಕೊಂಡರು. ಇವತ್ತು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಉಳಿದಿರುವುದು ಆ ಸಾಲುಗಳು. ನಮ್ಮವರ ಮಾತು ಉಳಿದಿದ್ದೇ ಅದನ್ನು ಕದ್ದು ಓದಿದವರ ಕೈಯಿಂದ. ಹಾಗಾಗಿ 'ನಮ್ಮಲ್ಲಿ ಬರೆದವರು ಯಾಕೆ ಕಡಿಮೆ' ಅಂತ ಕೇಳುವಾಗ ಸ್ವಲ್ಪ ಯೋಚಿಸಿ.

ಹನುಮಂತನಗರದವನು

ನೀವು ಹೇಳಿದ್ದು ಸರಿ ಸಾರ್. ನನ್ನ ಪ್ರಶ್ನೆಯನ್ನು ತಪ್ಪು ತುದಿಯಿಂದ ಹಿಡಿದಿದ್ದೆ. ಫೊಂಟನೆಲ್ಲಾಟೊ ಕೂಡ ಅಧಿಕಾರಿಗಳ ಶಿಬಿರವೇ. ನಮ್ಮ ಭಾರತೀಯ ಕೈದಿಗಳು ಜಾಸ್ತಿ ಇದ್ದದ್ದು ರೋಮ್‌ನ ಪೂರ್ವಕ್ಕೆ, ಅವೆಝಾನೊ ಎಂಬಲ್ಲಿ. ಅದೇ ಸೆಪ್ಟೆಂಬರ್‌ನಲ್ಲಿ ಅವರಲ್ಲೂ ಎಷ್ಟೋ ಜನ ತಪ್ಪಿಸಿಕೊಂಡು ಬೆಟ್ಟ ಹತ್ತಿದರು. ಅಬ್ರುಝೊ ಕಡೆಯ ಕುರುಬರು, ರೈತರು ಅವರನ್ನೂ ಬಚ್ಚಿಟ್ಟರು. ಮಾತು ತಿಳಿಯದ, ಬಣ್ಣ ಬೇರೆಯಾದ ಈ ಜನರನ್ನು ಒಂದು ಹಳ್ಳಿಯಲ್ಲಿ ಮುಚ್ಚಿಡುವುದು ಎಷ್ಟು ಕಷ್ಟ ಯೋಚಿಸಿ. ನ್ಯೂಬಿ ಒಂದು ಟೋಪಿ ಹಾಕಿದರೆ ಇಟಲಿಯವನ ಹಾಗೆ ಕಾಣಬಹುದಿತ್ತು. ನಮ್ಮವರಿಗೆ ಅದೂ ಇರಲಿಲ್ಲ.

ಆಮೇಲೆ ನಮ್ಮ ಸೇನಾ ಮುಖ್ಯಸ್ಥರಾದ ಜನರಲ್ ಕುಮಾರಮಂಗಲಂ ಇಟಲಿಯಲ್ಲಿ ಯುದ್ಧಕೈದಿಯಾಗಿದ್ದವರು. ಮುಂದೆ ಪಾಕಿಸ್ತಾನದ ಅಧ್ಯಕ್ಷರಾದ ಯಾಹ್ಯಾ ಖಾನ್ ಕೂಡ. ಒಂದೇ ಸೈನ್ಯದವರು, ಒಂದೇ ದೇಶದಲ್ಲಿ ಕೈದಿಗಳು.

ಜೆ.ಸಿ. ನಗರ ಬಸ್ ಸ್ಟಾಪ್

ಒಂದು ಸಣ್ಣ ಮಾತು. ನಮ್ಮ ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕ ಇದೆ. ಮೊದಲ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು, ಈಗಿನ ಇಸ್ರೇಲಿನ ಹೈಫಾ ಊರನ್ನು ಗೆದ್ದ ಕುದುರೆ ಪಡೆಯಲ್ಲಿ ಮೈಸೂರಿನವರೂ ಇದ್ದರು. ದಿನಾ ಆ ಕಂಬದ ಪಕ್ಕದಲ್ಲಿ ಓಡಾಡುತ್ತೇನೆ. ನಮ್ಮ ಸೀಮೆಯಿಂದ ಹಡಗಿನಲ್ಲಿ ಸಮುದ್ರ ದಾಟಿ, ಕುದುರೆಗೆ ಮೇವು ಹಾಕಿ, ಕಾರ್ಮೆಲ್ ಬೆಟ್ಟ ನೋಡಿದವರು ಮನೆಗೆ ಬಂದು ಏನು ಹೇಳಿದರೋ. ಈ ಚರ್ಚೆ ಓದುವವರೆಗೂ ನನಗೆ ಆ ಯೋಚನೆಯೇ ಬಂದಿರಲಿಲ್ಲ.

ವಿಜಯನಗರದ ಮಗಳು

ನನ್ನ ಅಪ್ಪ 1960ರ ದಶಕದಲ್ಲಿ ವಿಶ್ವಸಂಸ್ಥೆಯ ಪಡೆಯಲ್ಲಿ ಗಾಜಾಕ್ಕೆ ಹೋಗಿದ್ದರು. ಅವರ ಟ್ರಂಕು ಇನ್ನೂ ಅಟ್ಟದ ಮೇಲಿದೆ. ಕಪ್ಪು ಬಣ್ಣ, ಮೇಲೆ ಬಿಳಿ ಅಕ್ಷರದಲ್ಲಿ ನಂಬರು, ರ‍್ಯಾಂಕು, ಹೆಸರು. ಒಳಗೆ ಒಂದು ನೀಲಿ ಟೋಪಿ, ಪಿರಮಿಡ್ ಮುಂದೆ ನಾಲ್ಕು ಜನ ನಿಂತ ಫೋಟೋ. ಆ ಉಳಿದ ಮೂವರು ಯಾರು ಅಂತ ನನಗೆ ಗೊತ್ತಿಲ್ಲ. ಅಪ್ಪ ಇದ್ದಾಗ ಕೇಳಲಿಲ್ಲ.

ಯಾಕೆ ಕೇಳಲಿಲ್ಲ ಅಂತ ತುಂಬಾ ಯೋಚಿಸಿದ್ದೇನೆ. ನಾವು ಯಾವಾಗಲೂ ಯುದ್ಧದ ಬಗ್ಗೆ ಕೇಳುತ್ತಿದ್ದೆವು. ಎಷ್ಟು ಜನರನ್ನು ಹೊಡೆದಿರಿ, ಭಯ ಆಯ್ತಾ, ಹೀಗೆ. ಅಪ್ಪ ನಕ್ಕು ಪೇಪರ್ ತೆಗೆದುಕೊಳ್ಳುವರು. ಅಲ್ಲಿ ಏನು ತಿಂತಿದ್ರಿ, ಅಂಗಡಿಯಲ್ಲಿ ಯಾವ ಭಾಷೆಯಲ್ಲಿ ಮಾತಾಡ್ತಿದ್ರಿ, ಕ್ಷೌರ ಯಾರು ಮಾಡ್ತಿದ್ರು ಅಂತ ಕೇಳಿದ್ದರೆ ಹೇಳುತ್ತಿದ್ದರೋ ಏನೋ. ಒಂದೇ ಒಂದು ಸಲ, ಅವರಾಗಿಯೇ, ಗಾಜಾದ ಕಿತ್ತಳೆ ಹಣ್ಣಿನ ವಾಸನೆ ಲಾರಿಯಲ್ಲಿ ಕೂತವರಿಗೂ ಬರುತ್ತಿತ್ತು ಅಂದರು. ಅಷ್ಟೇ. ಅವತ್ತು ಅಡುಗೆಮನೆಯಲ್ಲಿ ಹಾಲು ಉಕ್ಕಿತು, ನಾನು ಎದ್ದು ಹೋದೆ.

ನಿಮ್ಮ ಮನೆಯಲ್ಲಿ ಇನ್ನೂ ಯಾರಾದರೂ ಇದ್ದರೆ ದಯವಿಟ್ಟು ಕೂತು ಕೇಳಿ. ಹಾಲು ಉಕ್ಕಿದರೆ ಉಕ್ಕಲಿ.

ಪುಸ್ತಕದ ಹುಳು

ನಾನು ಇಬ್ಬರು ಮಾಜಿ ಸೈನಿಕರ ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡಿದ್ದೇನೆ. ಅನುಭವದಿಂದ ಹೇಳುತ್ತೇನೆ, ಮೇಡಂ ಹೇಳಿದ್ದೇ ದಾರಿ. ಊಟದಿಂದ ಶುರು ಮಾಡಿ. ಹಳೇ ಇನ್‌ಲ್ಯಾಂಡ್ ಲೆಟರ್ ಇದ್ದರೆ ಕೈಗೆ ಕೊಡಿ. ಅದರ ಮೇಲೆ 56 ಎಪಿಒ ಅಂತ, ಅಂದರೆ ಸೈನ್ಯದ ಅಂಚೆ ಕಚೇರಿಯ ನಂಬರು ಮಾತ್ರ ಇರುತ್ತದೆ, ಊರಿನ ಹೆಸರು ಇರುವುದಿಲ್ಲ. 'ಇದನ್ನು ಎಲ್ಲಿ ಕೂತು ಬರೆದಿರಿ' ಅಂತ ಕೇಳಿದರೆ ಮಾತು ತಾನಾಗಿ ಬರುತ್ತದೆ. ಮಧ್ಯೆ ಸುಮ್ಮನಾದರೆ ನೀವೂ ಸುಮ್ಮನಿರಿ.

ಹಲಸೂರಿನ ಹಳೇ ಸ್ಯಾಪರ್

ನಾಲ್ಕು ದಿನದಿಂದ ಇದನ್ನು ಓದುತ್ತಿದ್ದೇನೆ. ಮೊಮ್ಮಗ ತೋರಿಸಿದ. ನಾನು ಎಂಇಜಿಯವನು. ಊರು ಮದ್ದೂರು ಕಡೆ. 1971ರ ಪಾಕಿಸ್ತಾನ ಯುದ್ಧದಲ್ಲಿ ಶಕರ್‌ಗಢ್ ಸೆಕ್ಟರ್‌ನಲ್ಲಿದ್ದೆ. ಬಸಂತರ್ ಕದನದ ಬಗ್ಗೆ, ಅರುಣ್ ಖೇತರ್ಪಾಲ್ ಸಾಹೇಬರ ಟ್ಯಾಂಕಿನ ಬಗ್ಗೆ ನೀವು ಓದಿರುತ್ತೀರಿ. ಆ ಟ್ಯಾಂಕುಗಳಿಗೆ ಮೈನ್, ಅಂದರೆ ನೆಲದಲ್ಲಿ ಹೂತ ಬಾಂಬು, ತೆಗೆದು ದಾರಿ ಮಾಡುವ ಕೆಲಸ ಸ್ಯಾಪರ್‌ಗಳದ್ದು. ಹೊಟ್ಟೆಯ ಮೇಲೆ ಮಲಗಿ, ಕತ್ತಲಲ್ಲಿ, ಕಡ್ಡಿಯಿಂದ ಮಣ್ಣು ಚುಚ್ಚಿ ನೋಡುತ್ತಾ ಹೋಗುವುದು. ಅದನ್ನು ನಾನು ಬರೆಯುವುದಿಲ್ಲ. ಬರೆಯಲು ಆಗುವುದಿಲ್ಲ.

ಬೇರೆ ಬರೆಯಲು ನನಗೇನಿದೆ ಅಂತ ತಿಳಿಯುತ್ತಿಲ್ಲ. 50 ವರ್ಷ ದಾಟಿತು. ಎಷ್ಟೋ ಹೆಸರು ಮರೆತಿದೆ.

ಹನುಮಂತನಗರದವನು

ಸಾರ್, ನಿಮಗೆ ನಮಸ್ಕಾರ. ನ್ಯೂಬಿ ಇಟಲಿಯ ಆ ದಿನಗಳ ಬಗ್ಗೆ ಪುಸ್ತಕ ಬರೆದದ್ದು 1971ರಲ್ಲಿ, 28 ವರ್ಷ ಆದ ಮೇಲೆ. ನೀವು ಶಕರ್‌ಗಢ್‌ನಲ್ಲಿದ್ದ ವರ್ಷವೇ ಅದು ಅಚ್ಚಾಗಿ ಬಂತು. ಅಷ್ಟು ತಡವಾಗಿ ಬರೆದರೂ ಕಲ್ಲಿನ ಭಾರ, ರೊಟ್ಟಿಯ ರುಚಿ ಅವನಿಗೆ ಮರೆತಿರಲಿಲ್ಲ. ಕದನ ಬೇಡ ಸಾರ್. ಮೈನ್ ಬೇಡ. ಕದನ ವಿರಾಮ ಆದ ಮೇಲೆ ಎಲ್ಲಿದ್ದಿರಿ? ಬೆಳಿಗ್ಗೆ ಟೀಗೆ ಹಾಲು ಎಲ್ಲಿಂದ ಬರುತ್ತಿತ್ತು?

ಹಲಸೂರಿನ ಹಳೇ ಸ್ಯಾಪರ್

ಹಾಲು ಅಂದಿರಲ್ಲ. ರಾತ್ರಿ ನಿದ್ದೆ ಬರಲಿಲ್ಲ. ಮೊಮ್ಮಗ ಟೈಪ್ ಮಾಡುತ್ತಿದ್ದಾನೆ, ನಾನು ಹೇಳುತ್ತಿದ್ದೇನೆ.

ಡಿಸೆಂಬರ್ 17ಕ್ಕೆ ಗುಂಡು ನಿಂತಿತು. ನಾವು ಗಡಿಯ ಆ ಕಡೆ ಒಂದು ಹಳ್ಳಿಯಲ್ಲಿದ್ದೆವು. ಜನ ಒಬ್ಬರೂ ಇಲ್ಲ, ಎಲ್ಲ ಬಿಟ್ಟು ಓಡಿದ್ದರು. ಒಂದು ಮನೆಯಲ್ಲಿ ಪರಾತದಲ್ಲಿ ಕಲಸಿದ ಹಿಟ್ಟು ಹಾಗೇ ಒಣಗಿ ಬಿರುಕು ಬಿಟ್ಟಿತ್ತು. ಒಲೆಯ ಪಕ್ಕ ಮಗುವಿನ ಒಂದೇ ಚಪ್ಪಲಿ. ಆ ಮನೆಯ ಹಿತ್ತಿಲಿಂದ ಎಮ್ಮೆ ಅರಚುವ ಸದ್ದು. ಹಸಿವಿನ ಅರಚಾಟ ಅಲ್ಲ ಅದು. ಹಳ್ಳಿಯವನಿಗೆ ಗೊತ್ತಾಗುತ್ತದೆ. ಕೆಚ್ಚಲು ಕಟ್ಟಿಕೊಂಡಿತ್ತು. ಎಷ್ಟು ದಿನದಿಂದ ಯಾರೂ ಕರೆದಿಲ್ಲವೋ. ಕರು ಎಲ್ಲೂ ಕಾಣಲಿಲ್ಲ.

ಸುಬೇದಾರ್ ಸಾಹೇಬರನ್ನು ಕೇಳಿದೆ. ಮೊದಲು ಅಂಗಳ ಚುಚ್ಚಿ ನೋಡು, ಆಮೇಲೆ ಹೋಗು ಅಂದರು. ನೋಡಿದೆ, ಏನೂ ಇರಲಿಲ್ಲ. ಹತ್ತಿರ ಹೋದರೆ ಒದೆಯಿತು. ನಮ್ಮವ್ವ ಎಮ್ಮೆಗೆ ನಾಲಿಗೆಯಲ್ಲಿ ಒಂದು ಸದ್ದು ಮಾಡುತ್ತಿದ್ದಳು. ಅದನ್ನೇ ಮಾಡಿದೆ. ಅದಕ್ಕೆ ನಮ್ಮ ಸದ್ದು ಹೊಸದು, ಕಿವಿ ನಿಮಿರಿಸಿತು. ಬಿಸಿನೀರಲ್ಲಿ ಬಟ್ಟೆ ಅದ್ದಿ ಕೆಚ್ಚಲು ಒತ್ತಿದೆ. ಅರ್ಧ ಗಂಟೆ ಆದ ಮೇಲೆ ನಿಂತುಕೊಂಡಿತು. ಮೊದಲು ಬಂದದ್ದು ಗಡ್ಡೆ ಗಡ್ಡೆ, ರಕ್ತದ ಎಳೆ ಇತ್ತು. ನೆಲಕ್ಕೆ ಬಿಟ್ಟೆ. ಎರಡು ದಿನ ಹಾಗೇ ನೆಲಕ್ಕೆ ಕರೆದೆ. ಮೂರನೇ ದಿನ ಬಿಳೀ ಹಾಲು ಬಂತು. ಕುದಿಸಿ ಇಡೀ ಸೆಕ್ಷನ್‌ಗೆ ಟೀ ಮಾಡಿದೆವು. ಕುಡಿಯುವಾಗ ಯಾರೂ ಮಾತಾಡಲಿಲ್ಲ.

ಹಾಲು ಕರೆದದ್ದು ಆ ಮನೆಯದ್ದೇ ಹಿತ್ತಾಳೆ ಚೊಂಬಿನಲ್ಲಿ. ಕಂಠದ ಹತ್ತಿರ ಸೊಟ್ಟಗಾಗಿತ್ತು. ಒಂಬತ್ತು ದಿನ ಕರೆದೆ. ಹತ್ತನೇ ದಿನ ನಮಗೆ ಬೇರೆ ಕಡೆ ಹೋಗಲು ಆರ್ಡರ್ ಬಂತು. ಬೆಳಗಿನ ಜಾವ ಎದ್ದು ಪೂರ್ತಿ ಕರೆದು, ಹಗ್ಗ ಬಿಚ್ಚಿ, ನಾವೇ ನೋಡಿ ಗುರುತು ಹಾಕಿದ್ದ ಹುಲ್ಲಿನ ಕಡೆ ಹೊಡೆದೆ. ಮುಂದಿನ ವರ್ಷದ ಕೊನೆಗೆ ಆ ಹಳ್ಳಿಗಳನ್ನೆಲ್ಲ ವಾಪಸ್ ಕೊಟ್ಟರು. ಆ ಮನೆಯವರು ಬಂದರೋ ಇಲ್ಲವೋ.

ಹೊರಡುವ ಮುಂಚೆ ಚೊಂಬನ್ನು ಬೂದಿ ಹಾಕಿ ತಿಕ್ಕಿ ತೊಳೆದು, ಸಿಕ್ಕಿದ ಜಾಗದಲ್ಲೇ, ಒಲೆಯ ಪಕ್ಕ, ಕವುಚಿಟ್ಟು ಬಂದೆ.